ಇನ್ನೂರ ಐವತ್ತಾರು ಬೈಟು ಆಚೆಗೆ

ಫ್ರಾವ್ ಹೇಗೆಲೆಯವರ ಚೀಲದಲ್ಲಿ ಒಂದು ಪುಸ್ತಿಕೆ.
ಹಳದಿ ರಟ್ಟು, ಬೆನ್ನಿಗೆ ಮೂರು ಸಲ ಟೇಪು ಹಚ್ಚಿದ್ದು.
ಒಂದೊಂದು ಆದೇಶದೆದುರು ಒಂದೊಂದು ಅಂಕಿ:
ಕೂಡಲು ಇಷ್ಟು ಮೈಕ್ರೊಸೆಕೆಂಡು, ಗುಣಿಸಲು ಇಷ್ಟು,
ಭಾಗಿಸಲು, ಅಯ್ಯೋ ಬೇಡ, ಬೇರೆ ದಾರಿ ನೋಡು.

ಮಗ್ಗಿಯಂತೆ ಒಪ್ಪಿಸುತ್ತಾರೆ ಈಗಲೂ,
ಎಪ್ಪತ್ತನಾಲ್ಕರ ಪ್ರಾಯದಲ್ಲಿ, ಕನ್ನಡಕ ಹಣೆಗೇರಿಸಿ,
ಬ್ಯೋಬ್ಲಿಂಗೆನ್ನಿನಲ್ಲಿ, ಉಳಿತಾಯ ಬ್ಯಾಂಕುಗಳ ಲೆಕ್ಕಕೇಂದ್ರದ ಮೂರನೇ ಮಹಡಿಯಲ್ಲಿ.

ನಿವೃತ್ತರಾಗಿ ಹತ್ತು ವರ್ಷ. ಕರೆಸಿದ್ದು ನಾನು.
ವರ್ಷಾಂತ್ಯದ ಬಡ್ಡಿ ಲೆಕ್ಕ: ಎಂಬತ್ತೊಂದರಲ್ಲಿ ಅವರೇ ಬರೆದ ಅಸೆಂಬ್ಲರ್.
ಹೊಸ ಮೇನ್‌ಫ್ರೇಮ್ ಬಂದು ಕೂತಿದೆ, ಮದುಮಗನಂತೆ ಮಿರುಗುತ್ತ;
ಲೆಕ್ಕ ಮಾತ್ರ ತೆವಳುತ್ತಿದೆ. ನಲವತ್ತು ನಿಮಿಷ.

"ಎಲ್ಲೋ ಕೊಬ್ಬು ಸೇರಿಕೊಂಡಿದೆ" ಎಂದರು.
ಗುಣಾಕಾರ ಕಿತ್ತು ಬಿಟ್ಟುಗಳನ್ನು ಎಡಕ್ಕೆ ಸರಿಸಿದರು,
ಮಧ್ಯಾಹ್ನದೊಳಗೆ ಆರು ಆದೇಶ ಉಳಿಸಿದರು.
ಓಡಿಸಿದೆವು. ನಲವತ್ತು ನಿಮಿಷ.
ಕೂದಲೆಳೆಯಷ್ಟೂ ಕಡಿಮೆಯಿಲ್ಲ.

ಹೇಗೆ ಹೇಳಲಿ ಇವರಿಗೆ?
ಒಂದು ಆದೇಶಕ್ಕೆ ಎಷ್ಟು ಹೊತ್ತು ಎನ್ನುವುದು
ಈಗ ಒಂಟಿಯಾಗಿ ಕೇಳುವ ಪ್ರಶ್ನೆಯಲ್ಲ.
ಅದರ ಅಕ್ಕಪಕ್ಕ ಯಾರಿದ್ದರು,
ಬೇಕಾದ ಅಂಕಿ ಕೈಯಳತೆಯ ಕ್ಯಾಶ್‌ನಲ್ಲಿತ್ತೋ
ದೂರದ ಮೆಮೊರಿಯಿಂದ ನಡೆದು ಬರಬೇಕಿತ್ತೋ,
ಕವಲಿನಲ್ಲಿ ಯಂತ್ರ ಎಡಕ್ಕೆಂದು ಊಹಿಸಿ ನಾಲ್ಕು ಹೆಜ್ಜೆಯಿಟ್ಟು
ದಾರಿ ಬಲಕ್ಕೆಂದು ತಿಳಿದು ನಾಲಿಗೆ ಕಚ್ಚಿಕೊಂಡಿತೋ,
ಅದನ್ನೆಲ್ಲ ಕೇಳಬೇಕು.
ಎಷ್ಟೋ ಆದೇಶಗಳು ಒಟ್ಟಿಗೇ ಒಲೆಯ ಮೇಲಿರುತ್ತವೆ.
ಒಂದು ಉಪ್ಪಿಗೆ ಕಾಯುತ್ತಿದ್ದರೆ
ಅದರ ನಂತರದ್ದು ಸದ್ದಿಲ್ಲದೆ ಬೆಂದಿರುತ್ತದೆ;
ಬಡಿಸುವುದು ಮಾತ್ರ ಸರದಿಯಂತೆಯೇ.
ನೀವು ಉಳಿಸಿದ ಆ ಆರು, ಫ್ರಾವ್ ಹೇಗೆಲೆ,
ಬೇರೆ ಯಾರೋ ಕಾಯುವ ಹೊತ್ತಿನಲ್ಲಿ
ಹೇಗೂ ಪುಕ್ಕಟೆ ಮುಗಿಯುತ್ತಿದ್ದವು.

ಹೇಳಲಿಲ್ಲ. ಅಜ್ಜನ ಮಾತು ಹೇಳಿದೆ.
ಸಿವಾಸ್‌ನಿಂದ ಬಂದವನು, ಸಿಂಡೆಲ್ಫಿಂಗೆನ್ನಿನ ಕಾರು ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಬಾಗಿಲು ಜೋಡಿಸಿದವನು.
ಸ್ಟಾಪ್‌ವಾಚ್ ಹಿಡಿದ ಒಬ್ಬ ಬೆನ್ನ ಹಿಂದೆಯೇ ನಿಲ್ಲುತ್ತಿದ್ದನಂತೆ.
"ಬೋಲ್ಟಿಗೆ ನಾಲ್ಕು ಸೆಕೆಂಡು, ಬರೆದುಕೊ ಮಾರಾಯ,
ಮೂರೂವರೆಗೂ ಮಾಡಿಯೇನು.
ಬಾಗಿಲೇ ಬಂದಿಲ್ಲವಲ್ಲ?"

ಫ್ರಾವ್ ಹೇಗೆಲೆ ಪುಸ್ತಿಕೆ ಮಡಚಿದರು. ಏನೂ ಅನ್ನಲಿಲ್ಲ.

ಸಂಜೆ ಐದರ ಮೇಲೆ ಸಿಕ್ಕಿತು.
ಆದೇಶಗಳ ಸಾಲಿಗೆ ಅಂಟಿಕೊಂಡೇ ಎಣಿಕೆಯ ಒಂದು ಪುಟ್ಟ ಗೂಡು.
ಆ ಕಾಲಕ್ಕೆ ಅದು ಜಾಣತನ:
ಜಾಗ ತುಟ್ಟಿ, ಒಂದೇ ಕೋಣೆಯಲ್ಲಿ ಎಲ್ಲರೂ.
ಈಗ ಅದೇ ಸಾಲನ್ನು ಒಂದು ಕೈ ಓದಲು ಎಳೆಯುತ್ತದೆ,
ಇನ್ನೊಂದು ಕೈ ಬರೆಯಲು ಕಸಿಯುತ್ತದೆ,
ಮೂವತ್ತು ಲಕ್ಷ ಖಾತೆಗೆ, ಖಾತೆಯ ದಿನ ದಿನಕ್ಕೆ, ಮತ್ತೆ ಮತ್ತೆ.
ಗೂಡನ್ನು ಎತ್ತಿ ಇನ್ನೂರ ಐವತ್ತಾರು ಬೈಟು ಆಚೆಗಿಟ್ಟೆವು.
ಅಷ್ಟೆ.
ಯಾವ ಆದೇಶದ ಕಾಲಿಗೂ ವೇಗ ಬರಲಿಲ್ಲ,
ಒಬ್ಬರು ಮನೆ ಬದಲಿಸಿದರು.
ಹನ್ನೊಂದು ನಿಮಿಷ.

ನಗುತ್ತಾರೆಂದುಕೊಂಡೆ. ಬ್ರೆಟ್ಸೆಲ್ ಅರ್ಧ ಮುರಿದು
ನನ್ನ ಕೀಬೋರ್ಡಿನ ಪಕ್ಕ ಇಟ್ಟರು.
"ಯಾವ ಹಾಲ್‌ನಲ್ಲಿದ್ದ ನಿನ್ನಜ್ಜ, ನುರ್ಗುಲ್?"
"ಏಳು ಅನ್ನುತ್ತಿದ್ದ."
ಕಿಟಕಿಯಾಚೆ ಕೆರೆ. ಬಾತುಗಳಲ್ಲಿ ಮುಂದಿನದು ಯಾವುದು
ಹಿಂದಿನದು ಯಾವುದು ತಿಳಿಯದಷ್ಟು ಕತ್ತಲೆ.
"ಆ ಸ್ಟಾಪ್‌ವಾಚ್ ನನ್ನ ಮನೆಯಲ್ಲಿದೆ" ಎಂದರು.
"ಅಪ್ಪನ ಹಾಳೆಯಲ್ಲಿ ಬೋಲ್ಟಿಗೊಂದು ಅಂಕಣ,
ತಿರುಪಿಗೊಂದು,
ಮೂತ್ರಕ್ಕೆ ಹೋದರೆ ಅದಕ್ಕೂ ಒಂದು.
ಬಾಗಿಲಿಗೆ ಕಾಯುವುದಕ್ಕೆ ಅಂಕಣವೇ ಇರಲಿಲ್ಲ."

ಪುಸ್ತಿಕೆ ಎಸೆಯಲಿಲ್ಲ. ಚೀಲಕ್ಕೆ ಹಾಕಿಕೊಂಡರು,
ಟೇಪು ಎದ್ದಿದ್ದನ್ನು ಹೆಬ್ಬೆರಳಿಂದ ಒತ್ತಿ.
ನಾಳೆ ಒಂಬತ್ತಕ್ಕೆ ಬರುತ್ತೇನೆ, ಮನೆಯಿಂದ ಏಳೇ ನಿಮಿಷ, ಅಂದರು.
ಮೆಟ್ಟಿಲ ತಿರುವಿನಲ್ಲಿ ನಿಂತು ಸೇರಿಸಿದರು:
ಬಸ್ಸು ಬಂದರೆ.